ಬೋರ್ಡ್ ಕ್ಲಾಸು, ಲೆವೆಲ್ ಕ್ಲಾಸು, ಸ್ಟುಡಿಯೊ, ಮಣ್ಣು: ಪುಟ್ಟ ಮಕ್ಕಳನ್ನು ಎಲ್ಲಿಗೆ ಸೇರಿಸೋದು?

ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಚಿತ್ರಕಲೆ ಕ್ಲಾಸು ಹುಡುಕುವವರು ಮೊದಲು ಕೇಳುವುದು ಫೀಸು, ಆಮೇಲೆ ದೂರ, ಕೊನೆಗೆ ಸರ್ಟಿಫಿಕೇಟು. ಈ ಮೂರನ್ನೂ ಪಕ್ಕಕ್ಕಿಟ್ಟು, ಗಡಿಯಾರ ನೋಡುತ್ತಾ ಬಾಗಿಲ ಬಳಿ ಕೂತರೆ ಬೇರೆಯೇ ಲೆಕ್ಕ ಸಿಗುತ್ತದೆ. ಒಂದು ಗಂಟೆಯಲ್ಲಿ ಮಗುವಿನ ಕೈ ಎಷ್ಟು ನಿಮಿಷ ಕೆಲಸ ಮಾಡಿತು? ಅದರಲ್ಲಿ ಎಷ್ಟು ನಿಮಿಷ ಮಗುವಿನದೇ ತೀರ್ಮಾನ ನಡೆಯಿತು? ಮೊದಲನೆಯದನ್ನು ‘ಕೈ-ನಿಮಿಷ’, ಎರಡನೆಯದನ್ನು ‘ಮನಸ್ಸಿನ ನಿಮಿಷ’ ಅಂತ ಕರೆಯೋಣ. ಬೆಂಗಳೂರಿನಲ್ಲಿ ಸಿಗುವ ಬಗೆಬಗೆಯ ಕ್ಲಾಸುಗಳನ್ನು ಒಂದೊಂದನ್ನೂ ಕಡಿಮೆಯೆಂದರೆ ಎಂಟು ವಾರ ಈ ಎರಡು ಲೆಕ್ಕದಲ್ಲಿ ತೂಗಿ ನೋಡಿದಾಗ ಕಂಡದ್ದು ಇಲ್ಲಿದೆ. ಮೈಸೂರು, ಹುಬ್ಬಳ್ಳಿ, ಮಂಗಳೂರಿನಲ್ಲೂ ಬಗೆಗಳು ಹೆಚ್ಚುಕಡಿಮೆ ಇವೇ.

ಬಡಾವಣೆಯ ಬೋರ್ಡ್ ಕ್ಲಾಸು

ಮೇಷ್ಟ್ರ ಮನೆಯ ಮಹಡಿ, ನೆಲಕ್ಕೆ ಜಮಖಾನೆ, ಹದಿನೈದು ಮಕ್ಕಳು, ಶನಿವಾರ-ಭಾನುವಾರ ಒಂದೊಂದು ಗಂಟೆ. ಬೋರ್ಡಿನ ಮೇಲೆ ‘ಸೀನರಿ’ ಮೂಡುತ್ತದೆ: ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಗುಡ್ಡದ ಬುಡದಿಂದ ಹೊರಟು ಹತ್ತಿರ ಬಂದಂತೆಲ್ಲ ಅಗಲವಾಗುವ ಹೊಳೆ, ಎಡಕ್ಕೆ ಹೆಂಚಿನ ಮನೆ, ಬಲಕ್ಕೆ ಬಾಗಿದ ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ವಿಜಯಪುರದ ಬಯಲಲ್ಲಿ ಬೆಳೆದ ಮಗುವೂ ಇದೇ ಗುಡ್ಡ ಬಿಡಿಸುತ್ತದೆ, ಮಡಿಕೇರಿಯ ಮಗುವೂ ಇದನ್ನೇ ಬಿಡಿಸುತ್ತದೆ.

ಇಲ್ಲಿ ಕೈ-ನಿಮಿಷ ಸೋರಿಹೋಗುವುದು ಸಾಲಿನಲ್ಲಿ. ಪೆನ್ಸಿಲ್ ಕೆಲಸ ಮುಗಿದವರು ಪುಸ್ತಕ ಹಿಡಿದು ‘ಸರ್, ಆಯ್ತು’ ಅಂತ ನಿಲ್ಲುತ್ತಾರೆ. ಒಬ್ಬೊಬ್ಬರಿಗೆ ಎರಡೇ ನಿಮಿಷ ಅಂದರೂ ಹದಿನೈದು ಮಕ್ಕಳಿಗೆ ಮೂವತ್ತು ನಿಮಿಷ ಬೇಕು. ಕೊನೆಯಲ್ಲಿ ನಿಂತ ಮಗುವಿಗೆ ಅರ್ಧ ಕ್ಲಾಸು ಕಾಯುವುದರಲ್ಲೇ ಕಳೆಯುತ್ತದೆ. ನಮ್ಮ ಎಣಿಕೆಯಲ್ಲಿ ಕೈ-ನಿಮಿಷ ಇಪ್ಪತ್ತೈದರ ಆಸುಪಾಸು. ಮನಸ್ಸಿನ ನಿಮಿಷ ಐದು, ಅದೂ ಮನೆಯ ಗೋಡೆಗೆ ಯಾವ ಬಣ್ಣ ಅನ್ನುವಷ್ಟಕ್ಕೆ.

ಸಾಲಿಗಿಂತ ಹೆಚ್ಚು ಕೆಡಿಸುವುದು ತಿದ್ದುವ ಕೈ. ಐದು ವರ್ಷದ ಮಗು ಆಕಾಶವನ್ನು ಹಾಳೆಯ ಮೇಲಂಚಿಗೆ ಒಂದು ನೀಲಿ ಪಟ್ಟಿಯಾಗಿ ಹಚ್ಚುತ್ತದೆ, ನೆಲವನ್ನು ಕೆಳಗೆ ಹಸಿರು ಪಟ್ಟಿಯಾಗಿ ಹಚ್ಚುತ್ತದೆ. ನಡುವೆ ಬಿಳಿ ಹಾಗೇ ಉಳಿಯುತ್ತದೆ. ಕೇಳಿ ನೋಡಿ, ‘ಅಲ್ಲಿ ಗಾಳಿ ಇದೆ’ ಅಂದೀತು. ತಲೆಯ ಮೇಲೆ ಆಕಾಶ, ಕಾಲ ಕೆಳಗೆ ನೆಲ, ನಡುವೆ ನಾವು ಓಡಾಡುವ ಜಾಗ: ಮಗುವಿನ ಲೆಕ್ಕ ಸರಿಯಾಗಿಯೇ ಇದೆ. ಮಕ್ಕಳ ಚಿತ್ರಗಳ ಹಂತಗಳನ್ನು 1947ರಲ್ಲಿ ವಿಂಗಡಿಸಿ ಬರೆದ, ಆಸ್ಟ್ರಿಯಾ ಮೂಲದ ವಿಕ್ಟರ್ ಲೊವೆನ್‌ಫೆಲ್ಡ್ ಎರಡರಿಂದ ನಾಲ್ಕು ವರ್ಷವನ್ನು ಗೀಚುವ ಕಾಲ ಅಂದರು; ನಾಲ್ಕರಿಂದ ಏಳು ತಲೆಗೇ ನೇರವಾಗಿ ಕಾಲು ಹುಟ್ಟುವ ಮನುಷ್ಯರಂಥ ಮೊದಲ ಆಕಾರಗಳ ಕಾಲ; ನೆಲದ ಗೆರೆ, ಅದರ ಮೇಲೆ ಎಲ್ಲವೂ ಸಾಲಾಗಿ ನಿಲ್ಲುವುದು ಸುಮಾರು ಏಳರಿಂದ ಒಂಬತ್ತರ ಹೊತ್ತಿಗೆ ಗಟ್ಟಿಯಾಗುತ್ತದೆ. ಬೋರ್ಡ್ ಕ್ಲಾಸಿನಲ್ಲಿ ‘ಆಕಾಶ ಗುಡ್ಡದ ತನಕ ಬರಬೇಕಲ್ವಾ’ ಅಂತ ಮೇಷ್ಟ್ರು ಒಂದೇ ಉಸಿರಿಗೆ ಆ ಬಿಳಿಯನ್ನು ತುಂಬಿಬಿಡುತ್ತಾರೆ. ಮುಂದಿನ ವಾರದಿಂದ ಮಗು ತಾನೇ ತುಂಬುವುದಿಲ್ಲ, ಪುಸ್ತಕವನ್ನು ಅವರ ಮುಂದೆ ಹಿಡಿಯುತ್ತದೆ. ಎಂಟು ವಾರದಲ್ಲಿ ಪುಸ್ತಕ ಚೆಂದವಾಗಿ ತುಂಬಿರುತ್ತದೆ. ಮನೆಯಲ್ಲಿ ಖಾಲಿ ಹಾಳೆ ಕೊಟ್ಟರೆ ಮಾತ್ರ ‘ಏನು ಬಿಡಿಸಲಿ?’ ಅನ್ನುವ ಪ್ರಶ್ನೆ ಹೆಚ್ಚಾಗಿರುತ್ತದೆ.

ಹಾಗಂತ ಬೋರ್ಡ್ ಕ್ಲಾಸನ್ನು ತಳ್ಳಿಹಾಕುವಂತಿಲ್ಲ. ನಡೆದು ಹೋಗುವಷ್ಟು ಹತ್ತಿರ, ಫೀಸು ಎಲ್ಲಕ್ಕಿಂತ ಕಡಿಮೆ, ಬೇರೆ ವಯಸ್ಸಿನ ಮಕ್ಕಳ ಜೊತೆ ಕೂರುವ ಅಭ್ಯಾಸ. ಏಳು ದಾಟಿದ ಮಕ್ಕಳು ‘ಗಿಳಿ ಗಿಳಿ ಥರಾನೇ ಕಾಣಬೇಕು’ ಅಂತ ತಾವೇ ಹಟ ಹಿಡಿಯುತ್ತಾರೆ; ಆಗ ಮೊಟ್ಟೆಯಾಕಾರದಿಂದ ಗಿಳಿ ಕಟ್ಟುವ ಮೇಷ್ಟ್ರ ವಿದ್ಯೆ ಚಿನ್ನದಂಥದು. ಸೇರಿಸುವಾಗ ಎರಡು ಮಾತು ಕೇಳಿಕೊಳ್ಳಿ. ತಿದ್ದುವುದಿದ್ದರೆ ಬೇರೆ ಕಾಗದದ ಮೇಲೆ ತೋರಿಸಬೇಕು, ಮಗುವಿನ ಹಾಳೆ ಮುಟ್ಟಬಾರದು. ತಿಂಗಳಿಗೊಂದು ಕ್ಲಾಸು ಬೋರ್ಡಿಲ್ಲದೆ ನಡೆಯಬೇಕು. ಬಹಳ ಮೇಷ್ಟ್ರುಗಳು ಖುಷಿಯಿಂದಲೇ ಒಪ್ಪುತ್ತಾರೆ. ಪುಸ್ತಕ ನೀಟಾಗಿಲ್ಲ ಅಂತ ದೂರುವವರು ಅಪ್ಪ-ಅಮ್ಮಂದಿರೇ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ರಬ್ಬರ್ ಮಾತ್ರ ಆರು ವರ್ಷದ ತನಕ ಚೀಲದಿಂದ ಹೊರಗಿಡಿ. ಉಜ್ಜಿ ಉಜ್ಜಿ ಕಾಗದದ ಮೇಲ್ಪದರ ಎದ್ದು, ಅಲ್ಲಿ ಬಣ್ಣ ಕಪ್ಪಾಗಿ ಕೂರುತ್ತದೆ. ಪೆನ್ಸಿಲ್ ಎಚ್‌ಬಿ ಬದಲು ಅದಕ್ಕಿಂತ ಮೆತ್ತನೆಯ 2ಬಿ ಕೊಟ್ಟರೆ ಒತ್ತದೆಯೇ ಗೆರೆ ಕಾಣುತ್ತದೆ.

ಲೆವೆಲ್ ಕ್ಲಾಸು

ಎಸಿ ರೂಮು, ಅಚ್ಚಾದ ಪುಸ್ತಕ, ಒಂದನೇ ಲೆವೆಲ್, ಎರಡನೇ ಲೆವೆಲ್. ಎಡಪುಟದಲ್ಲಿ ಮಾದರಿ, ಬಲಪುಟದಲ್ಲಿ ಅದರ ಚುಕ್ಕಿಗೆರೆ. ವಿಚಿತ್ರವೆಂದರೆ ಕೈ-ನಿಮಿಷ ಬೋರ್ಡ್ ಕ್ಲಾಸಿನ ಹೆಚ್ಚುಕಡಿಮೆ ಎರಡರಷ್ಟು: ಅರವತ್ತಕ್ಕೆ ನಲವತ್ತೈದು. ಆರೇಳು ಮಕ್ಕಳಿಗೆ ಒಬ್ಬರು ಟೀಚರ್, ಕಾಯುವ ಪ್ರಶ್ನೆಯೇ ಇಲ್ಲ. ಮನಸ್ಸಿನ ನಿಮಿಷ ಮಾತ್ರ ಸೊನ್ನೆ. ಬಣ್ಣವೂ ಮಾದರಿಯಲ್ಲಿದ್ದದ್ದೇ ಆಗಬೇಕು. ಒಂದೇ ಲೆಕ್ಕ ಹಿಡಿದರೆ ಮೋಸ ಹೋಗುವ ಜಾಗ ಇದು.

ಖಾಲಿ ಹಾಳೆ ಕಂಡರೆ ಅಳುವ, ಗೆರೆ ಆಚೆ ಹೋದರೆ ಹಾಳೆ ಹರಿಯುವ ಮಕ್ಕಳಿರುತ್ತಾರೆ. ಅಂಥವರಿಗೆ ಚುಕ್ಕಿಗೆರೆ ಒಂದು ಊರುಗೋಲು. ಎರಡು ತಿಂಗಳು ಸಾಕು. ಆದರೆ ಇಲ್ಲಿ ಫೀಸು ಮೂರು ಅಥವಾ ಆರು ತಿಂಗಳಿಗೆ ಮುಂಗಡ ಕೇಳುವುದು ರೂಢಿ, ನಡುವೆ ಬಿಟ್ಟರೆ ದುಡ್ಡು ವಾಪಸು ಬರುವುದು ಕಷ್ಟ. ಲೆವೆಲ್ ಸರ್ಟಿಫಿಕೇಟಿಗೂ ರಾಜ್ಯದ ಪರೀಕ್ಷಾ ಮಂಡಳಿ ನಡೆಸುವ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೂ ಸಂಬಂಧವಿಲ್ಲ. ಐದು ವರ್ಷದ ಮಗುವಿನ ಮುಂದೆ ಆ ಪರೀಕ್ಷೆಯ ಮಾತೆತ್ತುವುದೇ ಬೇಡ.

ತೆರೆದ ಸ್ಟುಡಿಯೊ

ಇಲ್ಲಿ ಬೋರ್ಡಿಲ್ಲ, ಮಾದರಿಯಿಲ್ಲ. ಮೇಜಿನ ಮೇಲೆ ಸಾಮಾನು, ಗೋಡೆಗೆ ಅಂಟಿಸಿದ ಹಾಳೆ, ತೊಂಬತ್ತು ನಿಮಿಷ. ಏಪ್ರನ್ ಕಟ್ಟುವುದು, ಕೊನೆಗೆ ಕೈ ತೊಳೆಯುವುದು ಸೇರಿ ಇಪ್ಪತ್ತು ನಿಮಿಷ ಹೋಗುತ್ತದೆ. ಉಳಿದ ಎಪ್ಪತ್ತರಲ್ಲಿ ಐವತ್ತಾದರೂ ಮನಸ್ಸಿನ ನಿಮಿಷವೇ. ಫೀಸು ಬೋರ್ಡ್ ಕ್ಲಾಸಿನ ಮೂರು ನಾಲ್ಕು ಪಟ್ಟು ಆಗಬಹುದು, ಸಾಮಾನು ಅದರಲ್ಲೇ ಸೇರಿರುತ್ತದೆ.

ಒಳ್ಳೆಯ ಸ್ಟುಡಿಯೊ ಯಾವುದು, ಬರೀ ಗಲೀಜು ಯಾವುದು ಅನ್ನುವುದು ಬಣ್ಣದ ಬಾಟಲಿಯಲ್ಲೇ ಗೊತ್ತಾಗುತ್ತದೆ. ಹನ್ನೆರಡು ಬಣ್ಣವನ್ನು ಒಟ್ಟಿಗೆ ಮಕ್ಕಳ ಮುಂದಿಟ್ಟರೆ ಹತ್ತು ನಿಮಿಷದಲ್ಲಿ ಎಲ್ಲರ ಹಾಳೆಯೂ ಕೆಸರು. ಕೆಂಪು, ಹಳದಿ, ನೀಲಿ ಮೂರೂ ಒಂದರೊಳಗೊಂದು ಬೆರೆತರೆ ಕಂದು ಬಣ್ಣ ಬರಲೇಬೇಕು, ಮಗುವಿನ ತಪ್ಪಲ್ಲ. ಕೆಲಸ ಬಲ್ಲವರು ಮೊದಲ ಕಾಲು ಗಂಟೆ ಎರಡೇ ಬಣ್ಣ ಕೊಡುತ್ತಾರೆ, ಹಳದಿ ಮತ್ತು ನೀಲಿ ಅಂದುಕೊಳ್ಳಿ. ಹಸಿರು ಮಗುವಿನ ಕೈಯಲ್ಲೇ ಹುಟ್ಟುತ್ತದೆ. ಆಮೇಲೆ ಬಿಳಿ ಬರುತ್ತದೆ, ಒಂದೇ ಹಸಿರಿಗೆ ಐದಾರು ತಂಗಿಯರು ಹುಟ್ಟುತ್ತಾರೆ. ಕಪ್ಪು ಕೊಟ್ಟರೂ ಕೊನೆಗೆ, ಚಮಚದಷ್ಟು; ಅದು ಸಿಕ್ಕಿದ್ದನ್ನೆಲ್ಲ ನುಂಗುವ ಬಣ್ಣ.

ಪೋಸ್ಟರ್ ಕಲರ್‌ನ ಹದ ದೋಸೆಹಿಟ್ಟಿನಷ್ಟಿರಬೇಕು. ನೀರುಮಜ್ಜಿಗೆಯಾದರೆ ಗೋಡೆಯ ಹಾಳೆಯಿಂದ ಇಳಿದುಹೋಗುತ್ತದೆ. ಕೊಬ್ಬರಿ ಚಟ್ನಿಯಷ್ಟು ಗಟ್ಟಿಯಾದರೆ ಒಣಗಿದ ಮೇಲೆ ಬಿರಿದು ಉದುರುತ್ತದೆ. ಐದು ವರ್ಷದೊಳಗಿನವರು ಬ್ರಶ್ ತೊಳೆಯುವುದಿಲ್ಲ, ತೊಳೆ ಅಂತ ಹೇಳಿ ಪ್ರಯೋಜನವೂ ಇಲ್ಲ. ಆದ್ದರಿಂದ ಒಂದೊಂದು ಬಣ್ಣದ ಲೋಟಕ್ಕೆ ಒಂದೊಂದು ಬ್ರಶ್. 12ನೇ ನಂಬರಿನ ದುಂಡು ಬ್ರಶ್ ಅಥವಾ ಒಂದಿಂಚಿನ ಚಪ್ಪಟೆ ಬ್ರಶ್ ಸರಿ. 2ನೇ ನಂಬರಿನ ತೆಳು ಬ್ರಶ್ ಕೊಟ್ಟರೆ ಮಗು ಮುಷ್ಟಿಯಲ್ಲಿ ಹಿಡಿದು ಒತ್ತಿ, ಕೂದಲು ಕೊಡೆಯಂತೆ ಅಗಲವಾಗುತ್ತದೆ. ಕಾಗದ 200 ಜಿಎಸ್‌ಎಂಗೆ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ಕಡಿಮೆಯಿರಬಾರದು; ಪ್ರಿಂಟರಿನ 75 ಜಿಎಸ್‌ಎಂ ಹಾಳೆ ಒದ್ದೆಯಾದ ತಕ್ಷಣ ಹಪ್ಪಳದಂತೆ ಎದ್ದು, ಬಣ್ಣ ತಗ್ಗಿನಲ್ಲಿ ನಿಂತು, ಎರಡನೇ ಸಲ ಉಜ್ಜುವಷ್ಟರಲ್ಲಿ ಹರಿದುಹೋಗುತ್ತದೆ. ನಾಲ್ಕು ಅಂಚಿಗೂ ಮಾಸ್ಕಿಂಗ್ ಟೇಪ್ ಹಚ್ಚಿದರೆ ಹಾಳೆ ಜಾರದು, ಬಿಚ್ಚಿದಾಗ ಬಿಳಿ ಅಂಚು ಉಳಿಯುತ್ತದೆ.

ಹೆಸರು ಸ್ಟುಡಿಯೊ, ನಡೆಯುವುದು ಅಂಟಿಸುವ ಕೆಲಸ: ಇಂಥವೂ ಧಾರಾಳ. ಕತ್ತರಿಸಿಟ್ಟ ಕಿವಿ, ಕತ್ತರಿಸಿಟ್ಟ ಬಾಲ, ರೆಡಿ ಕಣ್ಣು. ಮಗು ಗೋಂದು ಹಚ್ಚಿದರೆ ಮೊಲ ತಯಾರು. ವಿಚಾರಿಸುವಾಗ ಒಂದೇ ಪ್ರಶ್ನೆ ಸಾಕು: ‘ಕ್ಲಾಸು ಮುಗಿದಾಗ ಎಲ್ಲ ಮಕ್ಕಳ ಕೆಲಸ ಒಂದೇ ಥರ ಇರುತ್ತಾ?’ ‘ಹೌದು, ನೀಟಾಗಿರುತ್ತೆ’ ಅಂದರೆ ಅದು ಸ್ಟುಡಿಯೊ ಫೀಸಿನ ಲೆವೆಲ್ ಕ್ಲಾಸು.

ಎಂಟು ವಾರ ಕಳೆದ ಮೇಲೆ ಮನೆಗೆ ಬಂದ ಹಾಳೆಗಳಲ್ಲಿ ಗೋಡೆಗೆ ಹಾಕುವಂಥವು ಎರಡೋ ಮೂರೋ. ಹಾಗಿದ್ದೂ ಮಂಗಳವಾರ, ಬುಧವಾರ ಕ್ಲಾಸಿಲ್ಲದ ದಿನವೂ ಮಗು ತಾನಾಗಿ ಬಣ್ಣದ ಡಬ್ಬ ತೆಗೆಯುತ್ತದೆ. ಬೋರ್ಡ್ ಕ್ಲಾಸಿನ ಮುಂದೆ ಇಟ್ಟು ನೋಡಿದರೆ ಎದ್ದು ಕಾಣುವ ವ್ಯತ್ಯಾಸ ಇದೇ. ಏಳೆಂಟು ವರ್ಷದವರಿಗೆ ಮಾತ್ರ ಸ್ಟುಡಿಯೊ ಕೈಕೊಡುತ್ತದೆ. ‘ಕುದುರೆ ಕಾಲು ಹೇಗೆ ಮಡಚುತ್ತೆ’ ಅಂತ ಕೇಳಿದ ಮಗುವಿಗೆ ‘ನಿನಗೆ ಹೇಗನ್ಸುತ್ತೋ ಹಾಗೆ ಮಾಡು’ ಅನ್ನುವುದು ಉತ್ತರವಲ್ಲ, ಕೆಲಸ ತಪ್ಪಿಸಿಕೊಳ್ಳುವುದು.

ಮಣ್ಣು

ನಮ್ಮ ಕೈ-ನಿಮಿಷದ ಪಟ್ಟಿಯಲ್ಲಿ ಮೊದಲ ಸ್ಥಾನ ಕುಂಬಾರರ ಮಣ್ಣಿಗೆ. ಗಂಟೆಗೆ ಐವತ್ತು, ಹೆಚ್ಚುಕಡಿಮೆ ಅಷ್ಟೂ ಮಗುವಿನದೇ ತೀರ್ಮಾನ. ಕಾರಣ ಸರಳ: ಮಣ್ಣಿನಲ್ಲಿ ತಪ್ಪು ಉಳಿಯುವುದಿಲ್ಲ. ಆನೆ ಆಗದಿದ್ದರೆ ಹಿಸುಕಿದರೆ ಹಂದಿ, ಮತ್ತೆ ಹಿಸುಕಿದರೆ ಇಡ್ಲಿ.

ಜಾಹೀರಾತಿನ ತಿಗರಿ (ಕುಂಬಾರರ ಚಕ್ರ) ನೋಡಿ ಮರುಳಾಗಬೇಡಿ. ಏಳು ವರ್ಷದೊಳಗಿನ ಮಗುವಿಗೆ ತಿರುಗುವ ಮಣ್ಣನ್ನು ನಡುವಿಗೆ ತರುವ ತೋಳ್ಬಲ ಇರುವುದಿಲ್ಲ. ದೊಡ್ಡವರ ಕೈ ಮೇಲೆ ಮಗುವಿನ ಕೈ ಇರುತ್ತದೆ, ಅಷ್ಟೆ. ಹನ್ನೆರಡು ಮಕ್ಕಳಿಗೆ ಒಂದು ತಿಗರಿ ಅಂದರೆ ಗಂಟೆಗೆ ಐದು ನಿಮಿಷ. ಕೈಯಲ್ಲೇ ಮಾಡುವ ಕ್ಲಾಸು ಹುಡುಕಿ.

ಚೌತಿ ಹತ್ತಿರ ಬಂದಾಗ ಎಲ್ಲೆಲ್ಲೂ ಗಣಪತಿ ಮಾಡುವ ಕಾರ್ಯಾಗಾರ ನಡೆಯುತ್ತದೆ. ಮನೆಗೆ ಬಂದ ಗಣಪನ ಸೊಂಡಿಲು ಮಾರನೇ ದಿನ ಬಿದ್ದಿರುವುದೂ ಅಷ್ಟೇ ಸಾಮಾನ್ಯ. ಸೊಂಡಿಲು ತೆಳು, ಬೇಗ ಒಣಗಿ ಕುಗ್ಗುತ್ತದೆ. ಹೊಟ್ಟೆ ದಪ್ಪ, ಒಳಗೆ ಇನ್ನೂ ಹಸಿ. ಒಂದು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಬಿರುಕು ಬಿಡುವುದು ಸೇರಿದ ಜಾಗದಲ್ಲಿ. ಅಂಗೈಯಷ್ಟು ಎತ್ತರದ ಗಣಪನಿಗೆ ಅರ್ಧದಿಂದ ಮುಕ್ಕಾಲು ಕೆಜಿ ಮಣ್ಣು ಸಾಕು. ಮೊದಲು ಚಪಾತಿ ಹಿಟ್ಟಿನಂತೆ ನಾದಿ. ಹೊಟ್ಟೆಗೆ ಮೂಸಂಬಿ ಗಾತ್ರ, ತಲೆಗೆ ನಿಂಬೆಹಣ್ಣಿನ ಗಾತ್ರ. ಸೇರಿಸುವ ಎರಡೂ ಮೈಗೆ ಫೋರ್ಕಿನಿಂದ ಅಡ್ಡಡ್ಡ ಗೀರಿ, ಅದೇ ಮಣ್ಣನ್ನು ಮೊಸರಿನ ಹದಕ್ಕೆ ಕಲಸಿ ಬಳಿದು ಒತ್ತಬೇಕು. ಆಮೇಲೆ ಬೆರಳಿನಿಂದ ಸೇರಿದ ಗೆರೆಯನ್ನು ಪೂರ್ತಿ ಸವರಿ ಮುಚ್ಚಬೇಕು. ಬರೀ ನೀರು ಸವರಿ ಅಂಟಿಸಿದ್ದು ನಿಲ್ಲುವುದಿಲ್ಲ. ಆತುರದ ಕಾರ್ಯಾಗಾರಗಳಲ್ಲಿ ಆಗುವುದು ಅದೇ. ಸೊಂಡಿಲನ್ನು ಗಾಳಿಯಲ್ಲಿ ಬಿಡದೆ ಹೊಟ್ಟೆಯ ಮೇಲೆ ಮಲಗಿಸಿ. ಎರಡು ದಿನ ಪ್ಲಾಸ್ಟಿಕ್ ಕವರ್ ಸಡಿಲವಾಗಿ ಮುಚ್ಚಿ, ಆಮೇಲೆ ನಾಲ್ಕೈದು ದಿನ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಕೆಲಸ ಕೆಟ್ಟಿತು.

ವಿಸರ್ಜನೆಗಿರುವ ಗಣಪನನ್ನು ಸುಡಬಾರದು, ಬಣ್ಣವೂ ಬೇಡ, ಅರಿಸಿನ-ಕುಂಕುಮ ಸಾಕು. ಬಕೆಟ್ ನೀರಿನಲ್ಲಿ ಬೆಳಗಾಗುವಷ್ಟರಲ್ಲಿ ಕರಗುತ್ತಾನೆ, ಆ ಮಣ್ಣು ಕುಂಡಕ್ಕೆ. ಸುಟ್ಟು ಇಟ್ಟುಕೊಳ್ಳುವ ಹಕ್ಕಿ, ಬಟ್ಟಲುಗಳಾದರೆ ಗೋಡೆ ಒಂದು ಸೆಂಟಿಮೀಟರಿನ ಒಳಗಿರಲಿ, ದಪ್ಪ ಮೈಯನ್ನು ಕೆಳಗಿನಿಂದ ಚಮಚದಲ್ಲಿ ತೋಡಿ ಟೊಳ್ಳು ಮಾಡಲಿ. ಒಳಗೆ ಪಸೆ ಉಳಿದಿದ್ದರೆ ಆವಿಯಾಗಿ, ಸುಡುವ ಗೂಡಿನಲ್ಲೇ ಸಿಡಿಯುತ್ತದೆ, ಪಕ್ಕದ ಮಗುವಿನ ಬಟ್ಟಲನ್ನೂ ಒಡೆಯುತ್ತದೆ. ಸುಟ್ಟಾಗ ಒಟ್ಟಾರೆ ಸುಮಾರು ಹತ್ತರಲ್ಲಿ ಒಂದು ಪಾಲು ಚಿಕ್ಕದಾಗುತ್ತದೆ ಅಂತ ಮಗುವಿಗೆ ಮೊದಲೇ ಹೇಳಿಡಿ, ‘ಇದು ನಂದಲ್ಲ’ ಅನ್ನುವ ಜಗಳ ತಪ್ಪುತ್ತದೆ.

ಕ್ಲಾಸು ಮುಗಿದ ಮೇಲೆ ನೆಲ ಗುಡಿಸುತ್ತಾರೋ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೋ ನೋಡಿ. ಒಣ ಮಣ್ಣಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಒರೆಸುವುದೇ ಸರಿ. ಮನೆಗೇ ಮಣ್ಣು ತರುವುದಾದರೆ ಬೆಂಗಳೂರಿನವರಿಗೆ ಬೆನ್ಸನ್ ಟೌನ್ ಹತ್ತಿರದ ಪಾಟರಿ ಟೌನ್ ಇದೆ. ಬೇರೆ ಊರುಗಳಲ್ಲಿ ಕುಂಬಾರರ ಮನೆಯಲ್ಲಿ ಕೇಳಿದರೆ ಹದ ಮಾಡಿದ ಮಣ್ಣೇ ಸಿಗುತ್ತದೆ. ಒದ್ದೆ ಬಟ್ಟೆ ಸುತ್ತಿ ಮುಚ್ಚಳದ ಬಕೆಟಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಮಣ್ಣಿನ ಕೈಯನ್ನು ಸಿಂಕಿನಲ್ಲಿ ತೊಳೆಸಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.

ಬೇಸಿಗೆ ಶಿಬಿರ, ಗ್ಯಾಲರಿ, ಆನ್‌ಲೈನ್

ಶಿಬಿರದ ಬಲ ಅಂದರೆ ದಿನವೂ ಹೋಗುವುದು. ವಾರಕ್ಕೊಮ್ಮೆಯ ಹತ್ತು ಕ್ಲಾಸಿಗಿಂತ ಸತತ ಹತ್ತು ದಿನ ಹೆಚ್ಚು ಹತ್ತುತ್ತದೆ, ಯಾಕೆಂದರೆ ನಿನ್ನೆ ಅರ್ಧಕ್ಕೆ ಬಿಟ್ಟದ್ದು ಇವತ್ತು ನೆನಪಿರುತ್ತದೆ. ಕಬ್ಬನ್ ಪಾರ್ಕಿನ ಜವಾಹರ ಬಾಲಭವನದ ಬೇಸಿಗೆ ಶಿಬಿರ, ಮೈಸೂರಿನಲ್ಲಿ ರಂಗಾಯಣದ ಚಿಣ್ಣರ ಮೇಳ ಎರಡಕ್ಕೂ ಹಳೆಯ ಹೆಸರಿದೆ. ಮೇಳದಲ್ಲಿ ನಾಟಕವೇ ಮುಖ್ಯ, ಬಣ್ಣದ ಕೆಲಸ ಅದರ ಬೆನ್ನಿಗೆ. ಕರಪತ್ರದಲ್ಲಿ ಹತ್ತು ದಿನಕ್ಕೆ ಇಪ್ಪತ್ತು ಚಟುವಟಿಕೆ ಅಂತ ಹಾಕಿದ್ದರೆ ಅದು ಮಕ್ಕಳ ಹೊತ್ತು ಕಳೆಯಿಸುವ ಜಾಗ.

ಗ್ಯಾಲರಿಯನ್ನು ಕ್ಲಾಸಿನ ಬದಲಿಗೆ ಇಡಲು ಬರುವುದಿಲ್ಲ, ಆದರೆ ತಿಂಗಳಿಗೊಮ್ಮೆ ಒಂದು ಕ್ಲಾಸು ತಪ್ಪಿಸಿ ಕರೆದುಕೊಂಡು ಹೋದರೆ ನಷ್ಟವಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ದೊಡ್ಡ ಮರಗಳ ಅಂಗಳವಿದೆ, ಸೋಮವಾರ ರಜೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ) ಇದೆ. ಒಂದು ಸಲಕ್ಕೆ ಮೂರು ಚಿತ್ರ, ಅರ್ಧ ಗಂಟೆ, ಸಾಕು. ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ, ಒಂದು ಪೆನ್ಸಿಲ್, ಅದೂ ಕಾವಲಿನವರನ್ನು ಕೇಳಿಕೊಂಡು. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಮಕ್ಕಳಿಗೆ ಗ್ಯಾಲರಿಗಿಂತ ಹೆಚ್ಚು ರುಚಿಸುತ್ತದೆ, ಎದುರು ಕೂತವರ ಮುಖ ಬಿಡಿಸುವವರ ಕೈ ಅಲ್ಲಿ ಕಣ್ಣೆದುರೇ ಓಡುತ್ತದೆ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಜನಸಂದಣಿಯಲ್ಲಿ ಮಗುವಿಗೆ ಕಾಣುವುದು ಬರೀ ಪ್ಯಾಂಟುಗಳು.

ಆನ್‌ಲೈನ್ ಕ್ಲಾಸು ಏಳರ ಒಳಗಿನವರಿಗೆ ಬೇಡ. ಕ್ಯಾಮೆರಾ ಹಾಳೆಗೆ ತಿರುಗಿಸುವ, ‘ಮಿಸ್‌ಗೆ ತೋರಿಸು’ ಅನ್ನುವ ಕೆಲಸಕ್ಕೆ ಮನೆಯವರೊಬ್ಬರು ಪಕ್ಕದಲ್ಲೇ ಕೂರಬೇಕು. ಹೇಗೂ ಕೂರುವುದಾದರೆ ಊಟದ ಮೇಜೇ ವಾಸಿ: ಹನ್ನೆರಡರ ಆಯಿಲ್ ಪೇಸ್ಟಲ್ ಡಬ್ಬ, 120 ಜಿಎಸ್‌ಎಂ ಎ3 ಹಾಳೆ ಸಾಕು. ಮೇಣದ ಕ್ರೆಯಾನಿಗೆ ಒತ್ತಿ ಉಜ್ಜಬೇಕು, ಪುಟ್ಟ ಮಣಿಕಟ್ಟು ಹತ್ತು ನಿಮಿಷದಲ್ಲಿ ಸೋಲುತ್ತದೆ. ಪೇಸ್ಟಲ್ ಸವರಿದರೆ ಸಾಕು, ಬಣ್ಣ ಕೂರುತ್ತದೆ. ಬಟ್ಟೆಗೂ ಕೂರುತ್ತದೆ ಅನ್ನುವುದು ಬೇರೆ ಮಾತು. ಇಡೀ ಕಡ್ಡಿಗಿಂತ ಎರಡು ಮೂರು ಸೆಂಟಿಮೀಟರಿನ ತುಂಡು ಕೊಡಿ, ಮುಷ್ಟಿಯಲ್ಲಿ ಹಿಡಿಯಲು ಜಾಗವಿಲ್ಲದೆ ಬೆರಳುಗಳು ತಾವೇ ಮುಂದೆ ಬರುತ್ತವೆ. ಮಣ್ಣು ಸಿಗದ ಕಡೆ ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ಬೆಚ್ಚಗಿನ ನೀರು, ಒಂದು ದೊಡ್ಡ ಚಮಚ ಎಣ್ಣೆ ಹಾಕಿ ನಾದಿ. ಬಣ್ಣಕ್ಕೆ ಅರಿಸಿನ ಅಥವಾ ಬೀಟ್‌ರೂಟ್ ರಸ. ರಂಗೋಲಿ ಪುಡಿ, ಹೋಳಿ ಬಣ್ಣ ಖಂಡಿತ ಬೇಡ, ಇದು ಬಾಯಿಗೆ ಹೋಗುವ ಹಿಟ್ಟು.

ಹಾಗಾದರೆ ಯಾವುದು?

ನಾಲ್ಕು-ಐದು ವರ್ಷಕ್ಕೆ ಮಣ್ಣು, ಅದಿಲ್ಲದಿದ್ದರೆ ಸ್ಟುಡಿಯೊ. ಎರಡೂ ದೂರ ಅಥವಾ ದುಬಾರಿ ಅನ್ನಿಸಿದರೆ ಮನೆಯ ಮೇಜು. ಆ ವಯಸ್ಸಿಗೆ ಬೋರ್ಡ್ ಕ್ಲಾಸಿಗೆ ಕಳಿಸುವುದಕ್ಕಿಂತ ಕ್ಲಾಸೇ ಇಲ್ಲದಿರುವುದು ಮೇಲು. ಆರಕ್ಕೆ ಸ್ಟುಡಿಯೊ ಮತ್ತು ಬೇಸಿಗೆ ಶಿಬಿರ. ಏಳೂವರೆ-ಎಂಟಕ್ಕೆ, ಮಗುವೇ ‘ಸರಿಯಾಗಿ ಬರ್ತಿಲ್ಲ’ ಅಂತ ಗೊಣಗಲು ಶುರುಮಾಡಿದ ದಿನ, ಹಾಳೆ ಮುಟ್ಟದ ಬೋರ್ಡ್ ಮೇಷ್ಟ್ರ ಹತ್ತಿರ ಸೇರಿಸಿ. ಲೆವೆಲ್ ಕ್ಲಾಸು ಅಂಜುಬುರುಕ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ಹೆಚ್ಚಿಲ್ಲ. 2022ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟರ ವಯಸ್ಸನ್ನು ಬುನಾದಿ ಹಂತ ಅಂತ ಒಂದೇ ಗುಂಪಾಗಿ ಹಿಡಿದಿದೆ. ಆದರೆ ಕಲೆಯ ಮಟ್ಟಿಗೆ ಐದರ ಮಗುವಿಗೂ ಎಂಟರ ಮಗುವಿಗೂ ಒಂದೇ ಕ್ಲಾಸು ಹೊಂದುವುದಿಲ್ಲ ಅನ್ನುವುದು ಬಾಗಿಲ ಬಳಿ ಕೂತವರಿಗೆ ಎರಡೇ ವಾರದಲ್ಲಿ ಗೊತ್ತಾಗುತ್ತದೆ.

ಟ್ರಯಲ್ ಕ್ಲಾಸಿಗೆ ಹೋದಾಗ ಸಿಂಕು ಮಗುವಿನ ಎತ್ತರಕ್ಕಿದೆಯೇ, ಗೋಡೆಯ ಮೇಲೆ ಹಾಕಿರುವುದು ಮಕ್ಕಳ ಚಿತ್ರವೇ ಟೀಚರ್ ಚಿತ್ರವೇ ಅಂತ ನೋಡಿ. ವಾಪಸು ಬರುವಾಗ ಒದ್ದೆ ಚಿತ್ರವನ್ನು ಸುರುಳಿ ಸುತ್ತಬೇಡಿ. ಮಡಚಿದರಂತೂ ಎರಡೂ ಮೈ ಅಂಟಿಕೊಂಡು, ಬಿಡಿಸುವಾಗ ಆಕಾಶ ಒಂದು ಕಡೆ ಕಿತ್ತುಬರುತ್ತದೆ. ಸ್ಕೂಟರಿನವರು ಎ3ಗಿಂತ ಸ್ವಲ್ಪ ದೊಡ್ಡ ರಟ್ಟು, ನಾಲ್ಕು ಬಟ್ಟೆ ಕ್ಲಿಪ್ ಇಟ್ಟುಕೊಳ್ಳಿ. ರಟ್ಟಿಗೆ ಹಾಳೆ ಸಿಕ್ಕಿಸಿ, ಬಣ್ಣದ ಮೈ ಹೊರಗೆ ಮಾಡಿ, ಮುಂದೆ ಕಾಲಿಡುವ ಜಾಗದಲ್ಲಿ ನಿಲ್ಲಿಸಿದರೆ ಮನೆ ಮುಟ್ಟುವಷ್ಟರಲ್ಲಿ ಒಣಗಿರುತ್ತದೆ.